ಅಕ್ಕನ ಹೆಸರಿನಲ್ಲಿ ನಡೆದ ಶಸ್ತ್ರಚಿಕಿತ್ಸೆ

ಮಾನ್ಯ ಓದುಗರಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಈ ಕೆಳಗೆ ಕಾಣಿಸಿರುವ ಸಂಗತಿಯನ್ನು ಬೇರೆ ಯಾರಾದರೂ ಬರೆದು ನನ್ನ ಮುಂದಿಟ್ಟಿದ್ದರೆ ನಾನು ಅದನ್ನು ನಂಬುತ್ತಿರಲಿಲ್ಲ. ದೆವ್ವ, ಗಾಳಿ, ಮಾಟ ಎಂಬ ಮಾತುಗಳ ನಡುವೆಯೇ ಹುಟ್ಟಿ ಬೆಳೆದವನಾದರೂ ನಾನು ಅವುಗಳಿಂದ ದೂರ ಉಳಿದವನು. ಒಂದು ಮಾತಿಗೆ ಆಧಾರ ಇದ್ದರೆ ಸರಿ, ಇಲ್ಲದಿದ್ದರೆ ಅದು ಬರೀ ಮಾತು ಎಂಬುದು ನನ್ನ ನಿಲುವಾಗಿತ್ತು. ನನಗೆ ಕಥೆ, ಲೇಖನ ಬರೆದು ರೂಢಿಯಿಲ್ಲ. ಇದುವರೆಗೆ ಬರೆದಿರುವುದೆಲ್ಲ ಕಚೇರಿಯ ಪತ್ರಗಳೇ ಆಗಿವೆ. ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ದಯಮಾಡಿ ಮನ್ನಿಸಬೇಕು. ಬೇರೆ ಧಾಟಿಯಲ್ಲಿ ಇದನ್ನು ಹೇಳಲು ನನಗೆ ಧೈರ್ಯವೂ ಇಲ್ಲ.

ನಾನು ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವೈದ್ಯರು ರೋಗಿಯನ್ನು ನೋಡಿ ಕೇಸ್ ಶೀಟಿನಲ್ಲಿ ಬರೆದದ್ದನ್ನು ಓದಿ, ಆ ರೋಗಕ್ಕೂ ಚಿಕಿತ್ಸೆಗೂ ನಿಗದಿಯಾಗಿರುವ ಕೋಡ್ ಸಂಖ್ಯೆಗಳನ್ನು ಹಚ್ಚಿ, ಸರ್ಕಾರದ ಆರೋಗ್ಯ ಯೋಜನೆಯ ಕಚೇರಿಗೆ ಕಳುಹಿಸುವುದು ನನ್ನ ಜವಾಬ್ದಾರಿ. ಕೋಡ್ ತಪ್ಪಿದರೆ ಕಡತ ಹಿಂದಕ್ಕೆ ಬರುತ್ತದೆ. ಎಡಗಾಲಿನ ಮೂಳೆ ಎಂದು ಇರಬೇಕಾದಲ್ಲಿ ಬಲಗಾಲು ಎಂದು ಇದ್ದರೆ ಬರುತ್ತದೆ. ವಯಸ್ಸು, ಸಹಿ, ಸಮಯ ಯಾವುದು ತಾಳೆಯಾಗದಿದ್ದರೂ ಬರುತ್ತದೆ. ಹೀಗೆ ಹಿಂದಕ್ಕೆ ಬಂದದ್ದನ್ನು ಆಕ್ಷೇಪಣೆ ಎನ್ನುತ್ತೇವೆ. ಕಾಗದದಲ್ಲಿ ಇರುವುದು ದೇಹದಲ್ಲಿ ಇರಬೇಕು, ದೇಹದಲ್ಲಿ ಇರುವುದು ಕಾಗದದಲ್ಲಿ ಇರಬೇಕು. ನನ್ನ ಇಡೀ ವೃತ್ತಿಯನ್ನು ಈ ಒಂದು ವಾಕ್ಯದಲ್ಲಿ ಹೇಳಬಹುದು.

ಇನ್ನೊಂದು ನಿಯಮವನ್ನು ಇಲ್ಲಿಯೇ ಅರಿಕೆ ಮಾಡಿಕೊಳ್ಳುವುದು ಸೂಕ್ತ, ಏಕೆಂದರೆ ಮುಂದೆ ಅದರ ಅವಶ್ಯಕತೆ ಬೀಳುತ್ತದೆ. ರೋಗಿಯ ಗುರುತು ಹಿಡಿಯುವಾಗ ನಾವು ಹೆಸರನ್ನು ಹೇಳಿ ಕೇಳುವಂತಿಲ್ಲ. ‘ಯಂಕಮ್ಮ ಅಂದ್ರ ನೀವೇನ್ರಿ?’ ಎಂದು ಕೇಳಿದರೆ ಎದುರಿಗೆ ಕುಳಿತವರು ಹನುಮವ್ವ ಆಗಿದ್ದರೂ ‘ಹೂಂ ರಿ’ ಎಂದುಬಿಡುತ್ತಾರೆ. ಅದು ಸುಳ್ಳು ಹೇಳುವ ಉದ್ದೇಶದಿಂದಲ್ಲ. ಆಸ್ಪತ್ರೆಯವರು ಕರೆದರೆ ಓಗೊಡಬೇಕೆಂಬ ಮರ್ಯಾದೆ, ಪಾಳಿ ತಪ್ಪೀತೆಂಬ ಭಯ. ಒಬ್ಬರ ಹೆಸರಿಗೆ ಇನ್ನೊಬ್ಬರು ಹೂಂ ಎಂದು, ಒಬ್ಬರ ಸೂಜಿ ಇನ್ನೊಬ್ಬರಿಗೆ ಬಿದ್ದ ಉದಾಹರಣೆಗಳಿವೆ. ಆದ್ದರಿಂದ ‘ನಿಮ್ಮ ಹೆಸರು ನೀವೇ ಹೇಳ್ರಿ’ ಎಂದು ಕೇಳಬೇಕೆಂದು ಹೊಸದಾಗಿ ಬಂದ ನರ್ಸುಗಳಿಗೆ ನಾನೇ ಹೇಳಿಕೊಡುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮದು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಸಾಕಿದವಳು ನನ್ನ ಅಕ್ಕ ಶಾಂತವ್ವ. ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ವರ್ಷ ಅವಳ ಮದುವೆಯಾಯಿತು. ನಾನು ಆಗ ಕುಷ್ಟಗಿಯಲ್ಲಿ ಓದುತ್ತಿದ್ದೆ. ಜೋಳದ ಸೀಮೆಯ ಹುಡುಗಿ ಕಾಲುವೆ ನೀರಿನ ಸೀಮೆಯ ಮರಳಿ ಎಂಬ ಊರಿಗೆ ಹೋದಳು. ಅಲ್ಲಿ ಎರಡೂ ಹೊತ್ತು ಅನ್ನ ಉಣ್ಣುತ್ತಾರೆಂದು ಮೊದಲ ಸಲ ತವರಿಗೆ ಬಂದಾಗ ಅತ್ತಿದ್ದಳು. ಆಮೇಲೆ ಹೊಂದಿಕೊಂಡಳು. ಮಾವ, ಎಂದರೆ ಅಕ್ಕನ ಗಂಡ, ಒಳ್ಳೆಯವರು. ಅವರ ತಮ್ಮನ ಹೆಂಡತಿ ಗಂಗವ್ವ ಇಟಗಿಯ ಕಡೆಯವಳು. ಇಬ್ಬರು ಸೊಸೆಯರೂ ಒಂದೇ ಒಲೆಯ ಮುಂದೆ ಇದ್ದು, ಒಬ್ಬರನ್ನೊಬ್ಬರು ಬೈದುಕೊಂಡು ನಗುತ್ತ ಸಂಸಾರ ಮಾಡಿದವರು. ಮನೆಯಲ್ಲಿ ಮಾವನ ತಾಯಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ ಇದ್ದರು. ಈ ನಾಲ್ವರ ಹೊರತು ಈ ಬರಹದಲ್ಲಿ ಹೆಚ್ಚಿನವರು ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಕಾಣಿಸಿಕೊಳ್ಳತೊಡಗಿತು. ಬರಬರುತ್ತ ಆ ನೋವು ಬೆನ್ನಿಗೆ, ಹೆಗಲಿಗೆ ಏರಿತು. ಮಾವ ಅವಳನ್ನು ಹೊಸಪೇಟೆಗೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದರು. ಪಿತ್ತಕೋಶದ ತುಂಬ ಹರಳುಗಳಿವೆ, ಶಸ್ತ್ರಚಿಕಿತ್ಸೆ ಮಾಡಿ ಪಿತ್ತಕೋಶವನ್ನೇ ತೆಗೆಯಬೇಕು ಎಂದು ಅಲ್ಲಿನ ವೈದ್ಯರು ತಿಳಿಸಿದರು. ತಮ್ಮನೇ ಆಸ್ಪತ್ರೆಯಲ್ಲಿ ಇರುವಾಗ ಬೇರೆ ಕಡೆ ಏಕೆಂದು ಮಾವ, ಅಕ್ಕ, ಗಂಗವ್ವ ಮೂವರೂ ಗಂಗಾವತಿಗೆ ಬಂದರು. ಅಕ್ಕ ಫಿಲಂ ಇದ್ದ ದೊಡ್ಡ ಲಕೋಟೆಯನ್ನು ನನ್ನ ಮೇಜಿನ ಮೇಲಿಟ್ಟು, “ಹೊಟ್ಯಾಗ ಹಳ್ಳು ಹುಟ್ಟ್ಯಾವಂತ ನೋಡಪಾ. ಬೆಣಚಿಯೋ ಗರಸೋ, ಓದಿದಾಂವ ನೀನ ಹೇಳು,” ಎಂದಳು. ಫಿಲಂ ನಾನು ನೋಡಿದೆ. ನಮ್ಮ ಶಸ್ತ್ರವೈದ್ಯರೂ ನೋಡಿದರು. ಕರಿಯ ಚೀಲದೊಳಗೆ ಬಿಳಿಯ ಹರಳುಗಳು ಜೋಳದ ಕಾಳಿನಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. ಇದು ನನ್ನ ನೆನಪಲ್ಲ, ಆ ಫಿಲಂ ಇಂದಿಗೂ ಇದೆ.

ನಿಯಮದಂತೆ ಪೂರ್ವಾನುಮತಿ ಪಡೆಯಲು ಅಕ್ಕನ ಹೆಸರನ್ನು ಕಂಪ್ಯೂಟರಿನಲ್ಲಿ ನಮೂದಿಸಿದೆ. ಪಿತ್ತಕೋಶ ತೆಗೆಯುವ ಕೋಡ್ ಹಚ್ಚಿದೆ. ಅದು ಸ್ವೀಕೃತವಾಗಲಿಲ್ಲ. ಸದರಿ ಫಲಾನುಭವಿಗೆ ಇದೇ ಕೋಡಿನ ಶಸ್ತ್ರಚಿಕಿತ್ಸೆಯು ಹಿಂದೆಯೇ ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನಡೆದಿರುತ್ತದೆ, ಒಂದೇ ಅಂಗವನ್ನು ಎರಡು ಬಾರಿ ತೆಗೆಯಲು ಬರುವುದಿಲ್ಲ ಎಂಬ ಅರ್ಥದ ಒಕ್ಕಣೆ ಬಂತು. ಹೆಸರು ಅಕ್ಕನದು, ಗಂಡನ ಹೆಸರು ಮಾವನದು, ಊರು ಮರಳಿ. ನಾನು ಯಾರೋ ತಪ್ಪು ಮಾಡಿದ್ದಾರೆಂದುಕೊಂಡು ಮಾವನನ್ನು ಕರೆದು ಕೇಳಿದೆ.

“ಅದಾ? ಅದು ನಮ್ಮ ಗಂಗವ್ವಂದು ತಮ್ಮಾ,” ಎಂದರು ಮಾವ ಸಹಜವಾಗಿ. “ಪಡಿತರ ಚೀಟಿಗೆ ಫೋಟೊ ತೆಗಿಯೂ ಮುಂದ ಆಕಿ ಹೆರಿಗಿಗಂತ ತವರಮನ್ಯಾಗ ಇದ್ಲು. ಹಂಗಾಗಿ ಆಕಿ ಹೆಸರು ಬಿಟ್ಟುಹೋಗಿತ್ತು. ಹೊಟ್ಟಿನೋವು ಬಂದಾಗ ಚೀಟ್ಯಾಗ ಹೆಸರಿದ್ದಾವ್ರಿಗೆ ಅಷ್ಟ ಅಂದ್ರು. ಇಬ್ಬರೂ ಒಂದ ಮನಿ ಸೊಸ್ತೇರು, ಯಾರ ಹೆಸರಾದ್ರೇನು ಅಂತ ನಿಮ್ಮ ಅಕ್ಕನ ಹೆಸರು ಹಚ್ಚಿದ್ವಿ.”

“ನನಗ ಯಾಕ ಹೇಳಲಿಲ್ಲ ಮಾವಾ?”

“ಹೇಳೂವಂಥಾದ್ದು ಏನಿತ್ತು? ಛಲೋ ಆತು, ಮನಿಗೆ ಬಂದ್ಲು.”

ಆ ಕಾಲದ ಪಡಿತರ ಚೀಟಿಯಲ್ಲಿ ಇಡೀ ಕುಟುಂಬ ಒಟ್ಟಿಗೆ ನಿಂತ ಸಣ್ಣ ಫೋಟೊ ಇರುತ್ತಿತ್ತು. ತಲೆ ತುಂಬ ಸೆರಗು ಹೊದ್ದ ಹೆಂಗಸರಲ್ಲಿ ಯಾರು ಯಾರೆಂದು ಮನೆಯವರೇ ಹೇಳಬೇಕು. ಹೆಬ್ಬೆಟ್ಟಿನ ಗುರುತು ಇನ್ನೂ ಬಂದಿರಲಿಲ್ಲ. ಗಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ನರ್ಸಬಾಯಿ ಶಾಂತವ್ವಾ ಶಾಂತವ್ವಾ ಅಂತ ಕರದ್ರ ನಾ ಬಾಗಲಾ ನೋಡ್ತಿದ್ನಿ ಅಣ್ಣಾರ, ಅಕ್ಕ ಬಂದ್ಲೇನೋ ಅಂತ.” ಅಕ್ಕ ಬಿಡಲಿಲ್ಲ. “ಸೀರಿ ಇಸಗೊಂಡಾವ್ರು ಒಗದರ ಕೊಡ್ತಾರ. ಇಕಿ ಹೆಸರು ಇಸಗೊಂಡು ಹಂಗ ಹೊಲಸ ಮಾಡಿ ಕೊಟ್ಟಾಳ ನೋಡು.” ನೋವಿನ ನಡುವೆಯೂ ಅವಳು ಹೀಗೆ ಮಾತಾಡಿದ್ದಕ್ಕೆ ನನಗೆ ಸಮಾಧಾನವಾಯಿತು.

ಮಾವ ಇನ್ನೊಂದು ಮಾತನ್ನೂ ಹೇಳಿದರು. ಗಂಗವ್ವ ಅಕ್ಕನ ಹೆಸರಿನಲ್ಲಿ ಕೊಪ್ಪಳದಲ್ಲಿ ಮಲಗಿದ್ದಷ್ಟು ದಿನ ಅಕ್ಕನನ್ನು ಯಾರೂ ಹೆಸರು ಹಿಡಿದು ಕರೆಯಕೂಡದು, ಕರೆದರೂ ಅವಳು ಓಗೊಡಕೂಡದು ಎಂದು ಆಯಿ ಕಟ್ಟಪ್ಪಣೆ ಮಾಡಿದ್ದರಂತೆ. ಹೆಸರು ಒಂದು, ಅದು ಒಮ್ಮೆಗೆ ಒಂದೇ ಹಾಸಿಗೆಯ ಮೇಲೆ ಇರಬೇಕು ಎಂಬುದು ಮುದುಕಿಯ ಲೆಕ್ಕ. ನಾನು ನಕ್ಕೆನೆಂದು ಕಾಣುತ್ತದೆ. ನನ್ನ ಮನಸ್ಸೆಲ್ಲ ಆ ದಾಖಲೆಯನ್ನು ತಿದ್ದಿಸುವುದು ಹೇಗೆಂಬುದರಲ್ಲಿ ಇತ್ತು.

ಮಾವ ಯೋಜನೆಯ ಗೊಡವೆ ಬೇಡ, ಕೈಯಿಂದಲೇ ಖರ್ಚು ಹಾಕೋಣ ಎಂದರು. ಅದಕ್ಕೆ ಅವರಿಗೆ ಅನುಕೂಲವೂ ಇತ್ತು. ಆದರೆ ನಮ್ಮ ಶಸ್ತ್ರವೈದ್ಯರು ಒಪ್ಪಲಿಲ್ಲ. “ದಾಖಲೆ ಪ್ರಕಾರ ಹೊಟ್ಟೆಯೊಳಗೆ ಇಲ್ಲದ್ದನ್ನ ನಾ ತೆಗೆಯೋದು ಹೆಂಗ್ರಿ? ನಾಳೆ ಏನಾದ್ರೂ ಆದ್ರೆ ಕೇಳೋರು ಕಾಗದ ಕೇಳ್ತಾರೆ. ನಮ್ಮಲ್ಲೇ ಒಂದು ಸ್ಕ್ಯಾನ್ ಮಾಡಿಸಿ, ತಿದ್ದುಪಡಿಗೆ ಬರೆದುಬಿಡ್ರಿ, ಆಮ್ಯಾಲೆ ಮಾಡೋಣ,” ಎಂದರು. ಅದು ಸರಿಯಾದ ಮಾತೇ ಆಗಿತ್ತು. ನಾನು ಅಂದೇ ತಿದ್ದುಪಡಿ ಪತ್ರದ ಕರಡು ಸಿದ್ಧಪಡಿಸಿದೆ. ವಿಷಯ: ಫಲಾನುಭವಿಯ ಹೆಸರಿನಲ್ಲಿ ತಪ್ಪಾಗಿ ನಮೂದಾಗಿರುವ ಶಸ್ತ್ರಚಿಕಿತ್ಸೆಯನ್ನು ರದ್ದುಪಡಿಸುವ ಕುರಿತು. ಸದರಿಯವರ ದೇಹದಲ್ಲಿ ಪಿತ್ತಕೋಶವು ಇರುತ್ತದೆ ಎಂಬುದನ್ನು ಲಗತ್ತಿಸಿದ ವರದಿಯಿಂದ ಪರಿಶೀಲಿಸಬಹುದು ಎಂದು ಬರೆದು, ವರದಿಗಾಗಿ ಜಾಗ ಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಅಕ್ಕ ಏನೂ ತಿನ್ನದೆ ಬಂದಳು. ಕಿಟಕಿಯಿಂದ ಎಳೆ ಬಿಸಿಲು ಬಿದ್ದಿತ್ತು, ಹೊರಗೆ ಇಡ್ಲಿ ಗಾಡಿಯ ಮುಂದೆ ಜನ ನಿಂತಿದ್ದರು. ವಿಚಿತ್ರವೆನ್ನುವಂಥದ್ದು ಏನೂ ಆ ಹೊತ್ತಿನಲ್ಲಿ ಇರಲಿಲ್ಲ. ಸ್ಕ್ಯಾನಿಂಗ್ ವೈದ್ಯರು ಕಾಲುವೆ ಕಡೆಯ ವಲಸಿಗರ ಕ್ಯಾಂಪಿನವರು, ಬಹಳ ವರ್ಷಗಳ ಅನುಭವಸ್ಥರು. ಅವರು ಅಕ್ಕನ ಪಕ್ಕೆಯ ಮೇಲೆ ಯಂತ್ರದ ಹಿಡಿಯನ್ನು ಇಟ್ಟು ಆಚೆ ಈಚೆ ಸರಿಸಿದರು. ಮಗ್ಗುಲಾಗಲು ಹೇಳಿದರು. ಉಸಿರು ಹಿಡಿಯಲು ಹೇಳಿದರು. ನಾನು ಪರದೆಯ ಈಚೆ ಕರಡನ್ನು ಹಿಡಿದು ನಿಂತಿದ್ದೆ.

“ಅಮ್ಮಾ, ಆಪರೇಷನ್ ಆಗಿ ಎಷ್ಟು ವರ್ಷ ಆತು?” ಎಂದು ಅವರು ಕೇಳುವುದು ಕೇಳಿಸಿತು.

“ಆಗಿಲ್ರಿ. ಅದನ್ನ ಮಾಡಿಸ್ಕೊಳ್ಳಾಕ ಬಂದೀನ್ರಿ,” ಎಂದಳು ಅಕ್ಕ.

ವೈದ್ಯರು ಮತ್ತೆ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು. ಯಂತ್ರದ ಪರದೆಯಲ್ಲಿ ಯಕೃತ್ತು ಕಾಣುತ್ತಿತ್ತು. ಅದರ ಕೆಳಗೆ, ಹೊಸಪೇಟೆಯ ಫಿಲಂನಲ್ಲಿ ಚೀಲ ಇದ್ದ ಸ್ಥಳದಲ್ಲಿ, ಏನೂ ಇರಲಿಲ್ಲ. ಪಿತ್ತಕೋಶ ತೆಗೆದವರ ಹೊಟ್ಟೆ ಹೇಗೆ ಕಾಣುತ್ತದೋ ಹಾಗೇ ಇದೆ, ಏಕೆ ಸುಳ್ಳು ಹೇಳಿಸುತ್ತೀರಿ ಎಂದು ಅವರು ಮೆಲ್ಲಗೆ ನನ್ನನ್ನೇ ಕೇಳಿದರು.

ಶಸ್ತ್ರವೈದ್ಯರು ಬಂದು ಅಕ್ಕನ ಹೊಟ್ಟೆಯನ್ನು ಪರೀಕ್ಷಿಸಿದರು. ಪಿತ್ತಕೋಶ ತೆಗೆಯಲು ದುರ್ಬೀನು ಇಳಿಸಿದ್ದರೆ ಅದರ ಗಾಯದ ಕಲೆ ಹೊಕ್ಕುಳ ಬಳಿ, ಎದೆಗೂಡಿನ ಕೆಳಗೆ ಇರಬೇಕಿತ್ತು. ಹೆರಿಗೆಯ ಗೆರೆಗಳ ಹೊರತು ಅಲ್ಲಿ ಏನೂ ಇರಲಿಲ್ಲ. ಕೆಲವರಿಗೆ ಅಂಥ ಕಲೆ ವರ್ಷಗಳ ಮೇಲೆ ಮಾಸಿಹೋಗುವುದುಂಟು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಹೊಸಪೇಟೆಯ ಫಿಲಂ ಬೇರೆ ಯಾರದೋ ಅದಲುಬದಲಾಗಿ ಬಂದಿರಬೇಕು ಎಂದರು. ಅನುಮಾನ ಬಗೆಹರಿಯಲೆಂದು ಕೊಪ್ಪಳಕ್ಕೆ ಕಳುಹಿಸಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅದರಲ್ಲಿಯೂ ಪಿತ್ತಕೋಶ ಇರಲಿಲ್ಲ. ಅದು ಇರಬೇಕಾದ ಸ್ಥಳದಲ್ಲಿ ಎರಡು ಸಣ್ಣ ಬಿಳಿ ಚುಕ್ಕಿಗಳಿದ್ದವು. ಶಸ್ತ್ರಚಿಕಿತ್ಸೆಯಲ್ಲಿ ನಾಳವನ್ನು ಕಟ್ಟಿ ಒಳಗೇ ಬಿಡುವ ಲೋಹದ ಕ್ಲಿಪ್ಪುಗಳು ಹೀಗೆಯೇ ಕಾಣುತ್ತವೆ ಎಂದು ವರದಿಯಲ್ಲಿ ಬರೆದಿದ್ದರು.

ಇಲ್ಲಿ ನಾನು ಒಂದು ಅಂಶವನ್ನು ಸ್ಪಷ್ಟಪಡಿಸಬೇಕಾಗಿದೆ. ವೈದ್ಯರು ತಿಳಿದಂತೆ ನನ್ನ ಅಕ್ಕ ಸುಳ್ಳು ಹೇಳಿರಲಿಲ್ಲ. ಇದಕ್ಕೆ ಸಾಕ್ಷಿ ನಾನೇ. ಗಂಗವ್ವ ಕೊಪ್ಪಳದಲ್ಲಿ ಮಲಗಿದ್ದ ಆ ದಿನಗಳಲ್ಲಿ ಅಕ್ಕ ಗಂಗಾವತಿಯ ನನ್ನ ಬಾಡಿಗೆ ಮನೆಯಲ್ಲಿದ್ದಳು, ನನ್ನ ಹೆಂಡತಿಯ ಬಾಣಂತನಕ್ಕೆ ಬಂದಿದ್ದಳು. ದಾಖಲೆಯಲ್ಲಿ ಶಸ್ತ್ರಚಿಕಿತ್ಸೆಯ ದಿನವೆಂದು ಇರುವ ದಿನವೇ ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ಸೋದರತ್ತೆಯಾದ ನನ್ನ ಅಕ್ಕ. ಫೋಟೊದಲ್ಲಿ ಅವಳು ಹಸಿರು ಸೀರೆಯುಟ್ಟು ತೊಟ್ಟಿಲ ಮೇಲೆ ಬಾಗಿದ್ದಾಳೆ. ಇಷ್ಟನ್ನೂ ನಾನು ಶಸ್ತ್ರವೈದ್ಯರ ಮುಂದೆ ಹೇಳಿದೆ. ಅವರು ಸಮಾಧಾನದಿಂದ ಕೇಳಿ, “ನೀವು ಹೇಳೋದು ನಂಬಬೇಕೋ, ಒಳಗಿರೋ ಕ್ಲಿಪ್ಪು ನಂಬಬೇಕೋ? ನನ್ನ ಜಾಗದಾಗ ನೀವಿದ್ರೆ ಏನು ಬರೀತೀರಿ?” ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ದಾಖಲೆಯೂ ದೇಹವೂ ಪೂರ್ಣವಾಗಿ ತಾಳೆಯಾಗಿದ್ದವು. ತಾಳೆಯಾಗದೆ ಉಳಿದದ್ದು ನಾನು ಕಣ್ಣಾರೆ ಕಂಡದ್ದು ಮಾತ್ರ.

ಇನ್ನೂ ಒಂದು ದಾರಿ ಇತ್ತು. ಗಂಗವ್ವನ ಹೊಟ್ಟೆಯ ಮೇಲೆ ಕಲೆಗಳಿವೆ, ಅವಳನ್ನೂ ಸ್ಕ್ಯಾನ್ ಮಾಡಿಸಿದರೆ ವಿಷಯ ಒಂದು ಕಡೆಗೆ ಬರುತ್ತದೆ ಎಂದು ನಾನು ಸೂಚಿಸಿದೆ. ಅಲ್ಲಿಯವರೆಗೆ ನಗುತ್ತಿದ್ದ ಗಂಗವ್ವ ಕುಳಿತಲ್ಲೇ ಕುಗ್ಗಿಹೋದಳು. “ಬ್ಯಾಡ್ರಿ ಅಣ್ಣಾರ. ನನ್ನ ಹೊಟ್ಯಾಗ ಏನೈತಿ ಏನಿಲ್ಲ ಅಂತ ನನಗ ತಿಳಿಯೂದು ಬ್ಯಾಡ,” ಎಂದಳು. ಅಕ್ಕನೇ ತಡೆದು, “ಆಕಿನ್ನ ಕಾಡಬ್ಯಾಡೊ. ಮಕ್ಕಳು ಸಣ್ಣವದಾವ,” ಎಂದಳು. ನಾನು ಒತ್ತಾಯಿಸಲಿಲ್ಲ. ಇಂದಿಗೂ ಅವಳ ಪರೀಕ್ಷೆ ನಡೆದಿಲ್ಲ.

ಅವರನ್ನು ಮರಳಿಗೆ ಮುಟ್ಟಿಸಲು ನಾನೂ ಜೊತೆಗೆ ಹೋದೆ. ಆಯಿ ಪಡಸಾಲೆಯಲ್ಲಿ ಕುಳಿತಿದ್ದರು. ಮಾವ ನಡೆದದ್ದನ್ನು ತಿಳಿಸಿದಾಗ ಅವರು ಬೆರಗಾಗಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ಅವರು ಅಕ್ಕನನ್ನು ಹತ್ತಿರ ಕೂಡಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಆವತ್ತು ತಮ್ಮನ ಮನ್ಯಾಗ ನಿನ್ನ ಯಾರರ ಹೆಸರು ಹಿಡದು ಕರದಿದ್ರೇನ?”

ಅಕ್ಕ ಆ ದಿನಗಳನ್ನು ಬೆರಳ ಮೇಲೆ ಎಣಿಸಿದಳು. “ತೊಟ್ಟಲದಾಗ ಕರದಿದ್ರು ನೋಡ್ರಿ ಅತ್ತಿ,” ಎಂದಳು. “ಸೋದರತ್ತಿ ಎಲ್ಲಿ, ಶಾಂತವ್ವ ಎಲ್ಲಿ ಅಂತ ಮುತ್ತೈದೇರು ಕೂಗಿದ್ರು. ನಾ ಅಡಗಿಮನ್ಯಾಗ ಇದ್ದೆ. ಹೂಂ, ಬಂದೆ ಅಂತ ಬಂದ್ನಿ. ಹೆಸರು ಹೇಳೂ ಮುಂದ ಸೋದರತ್ತಿ ಬೆನ್ನಿಗೆ ಎಲ್ಲಾರೂ ಗುದ್ದತಾರಲ್ಲ, ಆವಾಗ ಇಲ್ಲಿ ಚಳಕ್ ಅಂತು. ಯಾರೋ ಜೋರ ಗುದ್ದಿದ್ರು ಅನಕೊಂಡ್ನಿ.”

ಅವಳು ಬಲಪಕ್ಕೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಆ ದಿನ ಅವಳು ತೊಟ್ಟಿಲನ್ನು ಹಿಡಿದುಕೊಂಡು ಒಂದು ಕ್ಷಣ ಬಾಗಿಯೇ ನಿಂತದ್ದು, ಹೆಂಗಸರೆಲ್ಲ ನಕ್ಕದ್ದು ನನಗೂ ನೆನಪಾಯಿತು. “ಓ ಅನ್ನಬಾರದಿತ್ತವ್ವಾ,” ಎಂದಷ್ಟೇ ಹೇಳಿ ಆಯಿ ಅಕ್ಕನ ತಲೆ ಸವರಿದರು. ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡುವುದನ್ನು ತಡೆಯಲೆಂದು ನಮ್ಮ ಆಸ್ಪತ್ರೆಯಲ್ಲಿ ನಾನು ಹೇಳಿಕೊಡುವ ನಿಯಮ ಆ ಕ್ಷಣ ನೆನಪಾಯಿತು. ಆದರೂ ನಾನು ಅದನ್ನು ನಂಬಿದೆನೆಂದು ಇಲ್ಲಿ ಬರೆಯಲಾರೆ. ನಂಬಲಿಲ್ಲವೆಂದೂ ಬರೆಯಲಾರೆ.

ಹರಳು ಇಲ್ಲವೆಂದಾದ ಮೇಲೆ ನೋವೂ ಹೋಗಬೇಕಿತ್ತು, ಹೋಗಲಿಲ್ಲ. ಇಡೀ ವಿಷಯದಲ್ಲಿ ನನ್ನನ್ನು ಕೊರೆಯುವುದು ಇದೇ. ಹೊಟ್ಟೆಯೊಳಗಿನ ಕಾರಣ ಮಾಯವಾಗಿ, ನೋವು ಮಾತ್ರ ಮೊದಲಿನಂತೆಯೇ ಉಳಿಯಿತು. ನಾವು ಅವಳನ್ನು ಕೊಪ್ಪಳಕ್ಕೆ, ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಎಲ್ಲ ಕಡೆಯೂ ಮೊದಲು ಹಳೆಯ ದಾಖಲೆ ನೋಡಿದರು, ಆಮೇಲೆ ಸ್ಕ್ಯಾನ್ ನೋಡಿದರು, ಎರಡೂ ಒಂದೇ ಇದ್ದುದರಿಂದ ಮೂರನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕನೂ ಹೇಳುವುದನ್ನು ಬಿಟ್ಟಳು. ನಮ್ಮ ಮನೆಯಲ್ಲಿ ಮಲಗಿದ್ದಾಗ ಒಮ್ಮೆ, “ಇಲ್ಲದ್ದು ಹೆಂಗ ನೋಯ್ತೈತೊ ತಮ್ಮಾ?” ಎಂದು ಕೇಳಿದಳು. ನನ್ನಲ್ಲಿ ಸಾವಿರಾರು ರೋಗಗಳ ಕೋಡುಗಳಿವೆ. ಈ ಪ್ರಶ್ನೆಗೆ ಉತ್ತರವಾಗಿ ಹಚ್ಚಬಹುದಾದದ್ದು ಒಂದೂ ಇರಲಿಲ್ಲ.

ಮೈ ಹಳದಿಯಾಗತೊಡಗಿದ ಮೇಲೆ ಅವಳನ್ನು ನಮ್ಮ ಆಸ್ಪತ್ರೆಯಲ್ಲಿಯೇ ಸೇರಿಸಿದೆವು. ಗಂಗವ್ವ ಹಗಲೆಲ್ಲ ಅವಳ ಬಳಿ ಇರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಹೋದಾಗ ಇಬ್ಬರೂ ಏನನ್ನೋ ಮಾತಾಡಿ ನಿರ್ಧರಿಸಿಕೊಂಡಂತೆ ಕಂಡರು. ಅಕ್ಕ ನನ್ನ ಕೈ ಹಿಡಿದುಕೊಂಡಳು.

“ತಮ್ಮಾ, ಒಮ್ಮಿ ನನ್ನ ಗಂಗವ್ವನ ಹೆಸರಿಲೆ ಮಲಗಸು. ಆಕಿ ಹೆಸರಿನ್ಯಾಗ ಇನ್ನೂ ಏನೂ ಬರದಿಲ್ಲಲ್ಲ. ಹೊಟ್ಯಾಗ ಎಲ್ಲಾ ಹಂಗ ಇರಬೇಕು.”

ಗಂಗವ್ವ ನನ್ನನ್ನು ನೋಡದೆ, “ಕೊಡ್ತೀನ್ರಿ ಅಣ್ಣಾರ. ಆಕಿ ಕೊಟ್ಟಿದ್ಲಲ್ಲ,” ಎಂದಳು. ತನ್ನ ಹೊಟ್ಟೆಯನ್ನು ಪರೀಕ್ಷೆಗೆ ಕೊಡಲು ಹೆದರಿದ್ದವಳು, ಏನಾದೀತೆಂದು ಗೊತ್ತಿದ್ದೂ ಹೆಸರನ್ನು ಕೊಡಲು ಸಿದ್ಧಳಾಗಿದ್ದಳು.

ಅದು ಸಾಧ್ಯವಿಲ್ಲವೆಂದು ನಾನು ತಿಳಿಸಿದೆ. ಈಗ ಪ್ರತಿಯೊಬ್ಬರ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಇಡಿಸಬೇಕು, ಬೇರೆಯವರ ಹೆಸರಿಗೆ ಅದು ಹೊಂದುವುದಿಲ್ಲ, ಅದು ಅಪರಾಧವೂ ಆಗುತ್ತದೆ ಎಂದು ಇಬ್ಬರಿಗೂ ವಿವರಿಸಿದೆ. ಇದೆಲ್ಲವೂ ನಿಜ. ಅಕ್ಕ ತನ್ನ ಹೆಬ್ಬೆರಳನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಹೌದಲ್ಲ. ಇದು ಮಾತ್ರ ನಂದ ಉಳದೈತಿ,” ಎಂದು ಸಣ್ಣಗೆ ನಕ್ಕಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕೆಲವೇ ದಿನಗಳಲ್ಲಿ ಅಕ್ಕ ತೀರಿಕೊಂಡಳು. ನಿಯಮದಂತೆ ವೈದ್ಯರು ಮರಣದ ಕಾರಣವನ್ನು ಬರೆದರು. ಹಿಂದೆ ನಡೆದ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ನಂತರ ಪಿತ್ತನಾಳದಲ್ಲಿ ಉಂಟಾದ ತೊಡಕು ಮತ್ತು ಸೋಂಕು. ಆ ತೊಡಕಿಗೂ ಒಂದು ಕೋಡ್ ಇದೆ. ಕಡತ ನನ್ನ ಮೇಜಿಗೆ ಬಂತು. ಬೇರೆಯವರಿಂದ ಮಾಡಿಸಿ ಎಂದು ಶಸ್ತ್ರವೈದ್ಯರು ಕರುಣೆಯಿಂದ ಹೇಳಿದರು. ಅಕ್ಕನದನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಎಂದೂ ನಡೆಯದ ಒಂದು ಶಸ್ತ್ರಚಿಕಿತ್ಸೆಯಿಂದ ನನ್ನ ಅಕ್ಕ ಸತ್ತಳೆಂದು ಬರೆದಿದ್ದ ಆ ಹಾಳೆಗೆ ಸರಿಯಾದ ಕೋಡನ್ನು ಹಚ್ಚಿ ಕಳುಹಿಸಿದೆ. ವೈದ್ಯರು ಬರೆದದ್ದಕ್ಕೆ ಬೇರೆ ಕೋಡ್ ಹಚ್ಚಲು ನನಗೆ ಅಧಿಕಾರವಿಲ್ಲ. ಅವರು ಬರೆದದ್ದು ತಪ್ಪೆಂದು ತೋರಿಸಲು ನನ್ನ ಬಳಿ ಇದ್ದದ್ದು ಒಂದು ಫೋಟೊ, ಅದರಲ್ಲಿ ತೊಟ್ಟಿಲ ಮೇಲೆ ಬಾಗಿದ ಒಬ್ಬ ಹೆಂಗಸು.

ನನ್ನ ಸೇವಾವಧಿಯಲ್ಲಿ ಯಾವ ಮರಣದ ಕಡತವೂ ಆಕ್ಷೇಪಣೆಯಿಲ್ಲದೆ ಹೋದದ್ದಿಲ್ಲ. ಒಂದು ಸಹಿ, ಒಂದು ಸಮಯ, ಏನಾದರೊಂದು ಕೇಳಿ ಹಿಂದಕ್ಕೆ ಕಳುಹಿಸುತ್ತಾರೆ. ಅಕ್ಕನ ಕಡತವೂ ಬರುತ್ತದೆ, ಇದು ಹೇಗೆ ಸಾಧ್ಯ ಎಂದು ಯಾರಾದರೂ ಒಬ್ಬರು ಕೇಳುತ್ತಾರೆ, ಆಗ ಎಲ್ಲವನ್ನೂ ವಿವರವಾಗಿ ಬರೆಯೋಣವೆಂದು ನಾನು ದಿನವೂ ಕಾಯ್ದೆ. ಯಾರೂ ಕೇ‌ಳಲಿಲ್ಲ. ಎಲ್ಲ ಸರಿಯಾಗಿದೆ ಎಂದು ಅಂಗೀಕಾರವಾಯಿತು.

ಅಂದಿನ ತಿದ್ದುಪಡಿ ಪತ್ರದ ಕರಡು, ವರದಿಗಾಗಿ ಬಿಟ್ಟ ಖಾಲಿ ಜಾಗದೊಂದಿಗೆ, ನನ್ನ ಮೇಜಿನಲ್ಲಿ ಹಾಗೆಯೇ ಇದೆ. ಮರಳಿಯಲ್ಲಿ ಗಂಗವ್ವ ಇದ್ದಾಳೆ. ಯಾರಾದರೂ ಕರೆದರೆ ಅವಳು ಕೂಡಲೇ ಓಗೊಡುವುದಿಲ್ಲ, ತಿರುಗಿ ನೋಡಿ, ಕರೆದವರ ಮುಖ ಕಂಡ ಮೇಲೆಯೇ ಹೂಂ ಎನ್ನುತ್ತಾಳೆ. ಪತ್ರವೊಂದರ ಕೊನೆಯಲ್ಲಿ ಮುಂದಿನ ಕ್ರಮಕ್ಕಾಗಿ ಕೋರುವುದು ಪದ್ಧತಿ. ಈ ಬರಹಕ್ಕೂ ಅಂಥದೊಂದು ಸಾಲು ಬೇಕೆಂದು ಬಹಳ ಹೊತ್ತು ಕುಳಿತೆ. ಅಕ್ಕ ಕೋರಿದ್ದು ಒಂದೇ, ಅದನ್ನು ನಾನು ನಿಯಮದಂತೆ ತಿರಸ್ಕರಿಸಿದ್ದೇನೆ. ಅದು ಸರಿಯಾಗಿತ್ತೇ ಎಂದು ಕೇಳಲು ಮೇಲಿನ ಕಚೇರಿ ಯಾವುದೂ ನನಗೆ ತಿಳಿದಿಲ್ಲ.